ಪಿಯುಸಿ ಅಂಕ ಕಡಿಮೆ ಬಂದರೆ ಲಾ ಓದೋಕೆ ಆಗಲ್ವಾ?

(ಮಡಿಕೇರಿಯಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಪೆನ್ ಇರುವವರು ಮೊದಲು ಒಂದು ಸಂಖ್ಯೆ ಬರೆದುಕೊಳ್ಳಿ. 270. ಲಾ ಓದಬೇಕು, ಆದರೆ ರಿಸಲ್ಟ್ ಏನಾಗುತ್ತದೋ ಗೊತ್ತಿಲ್ಲ ಎಂದು ಹೆದರಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಭಯವನ್ನು ಈ ಸಂಖ್ಯೆಯ ಪಕ್ಕ ಇಟ್ಟು ನೋಡೋಣ. ಎಷ್ಟೋ ಸಲ ಭಯ ಇರುವ ಕಡೆ ತೊಂದರೆ ಇರುವುದಿಲ್ಲ. ತೊಂದರೆ ಇರುವ ಕಡೆ ಯಾರೂ ಹೆದರುವುದೂ ಇಲ್ಲ.

270 ಎಲ್ಲಿಂದ ಬಂತು? ದೇಶದ ಎಲ್ಲ ಲಾ ಕಾಲೇಜುಗಳಿಗೂ ನಿಯಮ ಮಾಡುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾ. ಅದರ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ, ಪಿಯುಸಿ ಮುಗಿಸಿ 5 ವರ್ಷದ ಲಾ ಕೋರ್ಸಿಗೆ ಸೇರಬೇಕಾದರೆ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಇರಬೇಕು. ಹಿಂದುಳಿದ ವರ್ಗದವರಿಗೆ ಶೇ 42. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ 40. ನಮ್ಮ ಪಿಯುಸಿ ಒಟ್ಟು 600 ಅಂಕಕ್ಕೆ. ಅಂದರೆ 270, 252, 240. ಸಿಬಿಎಸ್‌ಇಯಲ್ಲಿ ಐದು ವಿಷಯ ಓದಿದವರಿಗೆ 500ಕ್ಕೆ 225. ಇಷ್ಟೇ ಲೆಕ್ಕ.

ಈಗ ನಿಮ್ಮ ಮುಖಗಳಲ್ಲಿ ಅರ್ಧದಷ್ಟು ಜನರಿಗೆ ನಿರಾಳ ಆಗಿದ್ದು ಕಾಣುತ್ತಿದೆ. "ಇಷ್ಟೇನಾ?" ಅಂತ. ಯಾಕೆಂದರೆ ನೀವು ಹೆದರಿದ್ದು 85, 90 ಬರಲ್ಲ ಎಂದು. ನಮ್ಮ ಜಿಲ್ಲೆಯಲ್ಲಿ ಈ ಭಯ ಸ್ವಲ್ಪ ಜಾಸ್ತಿ. ಪಿಯುಸಿ ಫಲಿತಾಂಶದಲ್ಲಿ ಕೊಡಗಿನ ಹೆಸರು ಮೇಲಿನ ಸಾಲಿನಲ್ಲಿ ಕಾಣಿಸಿಕೊಳ್ಳುವುದು ನಮಗೆ ಅಭ್ಯಾಸ. ಹಾಗಾಗಿ 58 ಪರ್ಸೆಂಟ್ ತಂದ ಹುಡುಗ ಮದುವೆ ಮನೆಗೆ ಹೋಗುವುದಕ್ಕೂ ಹಿಂದೆಮುಂದೆ ನೋಡುತ್ತಾನೆ. ಅವನಿಗೆ ನಾನು ಹೇಳುವುದು ಒಂದೇ. ಲಾ ಕಾಲೇಜಿನ ಬಾಗಿಲಲ್ಲಿ ನಿನ್ನನ್ನು ಯಾರೂ ತಡೆಯುವುದಿಲ್ಲ ಮಾರಾಯ, ಹೋಗಿ ಊಟ ಮಾಡು.

ಆದರೆ ಬಾಗಿಲು ದಾಟುವುದು ಒಂದು, ಸೀಟು ಸಿಗುವುದು ಇನ್ನೊಂದು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ಲ, ಅಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಕಾಯಿ ಬೀಳುವುದಿಲ್ಲ. ಹೆಸರು ಬರೆಸದೆ ಕೋವಿ ಎತ್ತುವ ಹಾಗೂ ಇಲ್ಲ. ಶೇ 45 ಎಂಬುದು ಹೆಸರು ಬರೆಸುವ ಅರ್ಹತೆ. ಕಾಯಿ ಬೀಳಿಸುವುದು ಹೇಗೆ ಎಂಬುದು ನೀವು ಎಲ್ಲಿ ಓದಬೇಕು ಅಂದುಕೊಂಡಿದ್ದೀರಿ ಎಂಬುದರ ಮೇಲೆ ಹೋಗುತ್ತದೆ.

ನಮ್ಮ ಸುತ್ತಮುತ್ತ ನೋಡಿ. ಸುಳ್ಯ, ಪುತ್ತೂರು, ಮಂಗಳೂರು, ಮೈಸೂರು, ಹಾಸನ, ಯಾವ ದಿಕ್ಕಿಗೆ ಬಸ್ ಹತ್ತಿದರೂ ಒಂದು ಲಾ ಕಾಲೇಜು ಸಿಗುತ್ತದೆ. ಇವುಗಳಲ್ಲಿ ಹೆಚ್ಚಿನವು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಈ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಯುಸಿ ಅಂಕ ನೋಡಿ ಸೀಟು ಕೊಡುತ್ತಾರೆ. ಹೆಸರಿರುವ ಕಾಲೇಜಿನಲ್ಲಿ ಪೈಪೋಟಿ ಇರುತ್ತದೆ, ಅಲ್ಲಿ 50 ಪರ್ಸೆಂಟಿನವರಿಗೆ ಕಷ್ಟ ಆಗಬಹುದು. ಆದರೆ ಎಲ್ಲ ಕಡೆಯೂ ಹಾಗಿಲ್ಲ. ಎರಡು ಮೂರು ಕಾಲೇಜಿಗೆ ಅರ್ಜಿ ಹಾಕಿದರೆ ಒಂದು ಕಡೆಯಾದರೂ ಸಿಗುವ ಸಾಧ್ಯತೆ ಚೆನ್ನಾಗಿದೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಲೆಕ್ಕವೇ ಬೇರೆ. ಅಲ್ಲಿಗೆ ಹೋಗಲು ಕ್ಲ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ. ಬಾಯಿಪಾಠ ಮಾಡಿ ಬರೆಯುವ ಪರೀಕ್ಷೆ ಇದಲ್ಲ. ಒಂದು ಪುಟದಷ್ಟು ಬರಹ ಕೊಡುತ್ತಾರೆ, ಓದಿ ಅದರಿಂದಲೇ ಉತ್ತರ ತೆಗೆಯಬೇಕು. ಇಲ್ಲಿ ನೀವು ಗಮನಿಸಬೇಕಾದ ವಿಷಯ ಏನೆಂದರೆ, ಕ್ಲ್ಯಾಟ್ ರ‍್ಯಾಂಕ್ ಪಟ್ಟಿಯಲ್ಲಿ ಪಿಯುಸಿ ಅಂಕಕ್ಕೆ ಜಾಗವೇ ಇಲ್ಲ. 590 ತಂದವರೂ 290 ತಂದವರೂ ಅಲ್ಲಿ ಒಂದೇ ಬೆಂಚಿನವರು. ಪಿಯುಸಿಯಲ್ಲಿ ಕೇಳುವುದು ಅದೇ ಶೇ 45. ಪರಿಶಿಷ್ಟರಿಗೆ 40. ಒಂದು ಎಚ್ಚರಿಕೆ, ಕ್ಲ್ಯಾಟಿನಲ್ಲಿ ಹಿಂದುಳಿದ ವರ್ಗಕ್ಕೂ 45 ಬೇಕು, 42 ನಡೆಯುವುದಿಲ್ಲ.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ರಾಜ್ಯದ ಶಾಲೆ ಕಾಲೇಜಿನಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಗೋಣಿಕೊಪ್ಪದಲ್ಲೋ ಶನಿವಾರಸಂತೆಯಲ್ಲೋ ಒಂದನೇ ಕ್ಲಾಸಿನಿಂದ ಓದಿದ ಮಗುವಿಗೆ ಇದು ತಾನಾಗೇ ಸಿಗುವ ಅರ್ಹತೆ. ಆದರೆ ಅರ್ಜಿಯಲ್ಲಿ ಅದನ್ನು ಗುರುತು ಮಾಡಬೇಕು, ವ್ಯಾಸಂಗ ಪ್ರಮಾಣಪತ್ರ ತರಬೇಕು. ಗುರುತು ಮಾಡದೆ ಬಿಟ್ಟರೆ ಯಾರೂ ಕರೆದು ಕೇಳುವುದಿಲ್ಲ.

ಕ್ಲ್ಯಾಟ್ ನಡೆಯುವುದು ಈಗೀಗ ಡಿಸೆಂಬರ್ ಮೊದಲ ಭಾನುವಾರ. ನಮ್ಮಲ್ಲಿ ಅದು ಹುತ್ತರಿ ಸುಗ್ಗಿ ಹಬ್ಬದ ಹೊತ್ತು, ಕಾಫಿ ಕುಯ್ಲಿನ ಹೊತ್ತು. ಮನೆಯಲ್ಲಿ ಕಣ ತುಂಬಾ ಕಾಫಿ ಹರಡಿರುತ್ತದೆ, ಆಳು ಸಿಗಲ್ಲ, ಮಕ್ಕಳ ಕೈಗೂ ಕೆಲಸ ಬರುತ್ತದೆ. ಅಪ್ಪಂದಿರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಆ ನವೆಂಬರ್ ಒಂದು ತಿಂಗಳು ಮಗುವನ್ನು ಕಣದಿಂದ ಬಿಟ್ಟುಬಿಡಿ. ಅರ್ಜಿಗೇ 4,000 ರೂಪಾಯಿ ಕಟ್ಟಿರುತ್ತೀರಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಯ ಕೆಳಗಿನವರಿಗೆ 3,500. ಕಟ್ಟಿದ ಮೇಲೆ ಓದಲು ಬಿಡದಿದ್ದರೆ ಏನು ಪ್ರಯೋಜನ?

ಡಿಸೆಂಬರ್‌ನಲ್ಲಿ ಪರೀಕ್ಷೆ ಎಂದ ಕೂಡಲೇ ಇನ್ನೊಂದು ಸಿಕ್ಕು ಬರುತ್ತದೆ. ಆಗ ಪಿಯುಸಿ ಪರೀಕ್ಷೆಯೇ ಆಗಿರುವುದಿಲ್ಲ. ಈ ವರ್ಷ ಪಿಯುಸಿ ಬರೆಯುತ್ತೇವೆ ಎಂದು ಹೇಳಿಯೇ ಕ್ಲ್ಯಾಟ್ ಬರೆಯಬಹುದು. ರ‍್ಯಾಂಕ್ ಬಂತು, ಸೀಟೂ ಬಂತು ಅಂದುಕೊಳ್ಳಿ. ಅದು ತಾತ್ಕಾಲಿಕ ಸೀಟು. ಏಪ್ರಿಲ್‌ನಲ್ಲಿ ಪಿಯುಸಿ ರಿಸಲ್ಟ್ ಬಂದು 262 ಅಂಕ ಇದ್ದರೆ ಆ ಸೀಟು ಹೋಯಿತು, ರ‍್ಯಾಂಕ್ ಎಷ್ಟೇ ಇರಲಿ. ನಾನು ಶುರುವಿನಲ್ಲಿ ಹೇಳಿದೆನಲ್ಲ, ತೊಂದರೆ ಇರುವ ಕಡೆ ಯಾರೂ ಹೆದರುವುದಿಲ್ಲ ಎಂದು, ಅದು ಇದೇ. ಎಂಟ್ರೆನ್ಸ್ ಗುಂಗಿನಲ್ಲಿ ಪಿಯುಸಿಯನ್ನು "ಪಾಸಾದರೆ ಸಾಕು" ಎಂದು ಬಿಡುವ ಮಕ್ಕಳು ಇದ್ದಾರೆ. ಪಾಸಾದರೆ ಸಾಕಾಗುವುದಿಲ್ಲ. ಪಾಸಿನ ಗೆರೆಗೂ 270ಕ್ಕೂ ನಡುವೆ ಒಂದು ಜಾಗ ಇದೆ. ಅಂಕಪಟ್ಟಿಯಲ್ಲಿ ಪಾಸ್ ಎಂದು ಬರೆದಿರುತ್ತದೆ, ಲಾ ಕಾಲೇಜಿನವರು ಬೇಡ ಅನ್ನುತ್ತಾರೆ. ಮನೆಯವರಿಗೆ ಅರ್ಥವೇ ಆಗುವುದಿಲ್ಲ.

ನಿಜವಾಗಿ ಸಹಾಯ ಬೇಕಾಗಿರುವುದು ಆ ಜಾಗದಲ್ಲಿ ಸಿಕ್ಕಿಕೊಂಡವರಿಗೆ. ಹಾಗಾಗಿ ಇನ್ನು ಸ್ವಲ್ಪ ಹೊತ್ತು ಅವರಿಗಾಗಿಯೇ ಮಾತಾಡುತ್ತೇನೆ. ಉಳಿದವರು ಕೇಳಿಸಿಕೊಳ್ಳಿ, ತಮ್ಮ ತಂಗಿಯರಿಗೆ ಬೇಕಾಗಬಹುದು.

ಮೊದಲು ಕೂಡುವ ಲೆಕ್ಕ ಸರಿ ಮಾಡಿಕೊಳ್ಳಿ. ಎಂಜಿನಿಯರಿಂಗ್ ಸೇರುವ ಅಣ್ಣಂದಿರನ್ನು ನೋಡಿ ನೀವೂ ಮುಖ್ಯ ವಿಷಯಗಳನ್ನು ಮಾತ್ರ ಕೂಡುತ್ತೀರಿ. ಅವರಿಗೆ ಫಿಸಿಕ್ಸ್, ಮ್ಯಾಥ್ಸ್ ಹೀಗೆ ಆಯ್ದ ವಿಷಯಗಳ ಲೆಕ್ಕ. ಲಾಗೆ ಹಾಗಲ್ಲ, ಒಟ್ಟು ಅಂಕ. ಕನ್ನಡ, ಇಂಗ್ಲಿಷ್ ಎಲ್ಲ ಸೇರಿ 600ಕ್ಕೆ ಎಷ್ಟು ಎಂದು ನೋಡಬೇಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ. ಹಾಗಾಗಿ ಕನ್ನಡದಲ್ಲಿ 80 ತರಬಲ್ಲ ಹುಡುಗಿ "ಅದು ಭಾಷೆ ತಾನೇ" ಎಂದು ಉದಾಸೀನ ಮಾಡಿದರೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ.

ಒಂದು ಉದಾಹರಣೆ ತಗೊಳ್ಳೋಣ. ಕಾಮರ್ಸ್ ಓದುವ ಹುಡುಗಿ, ಸಾಮಾನ್ಯ ವರ್ಗ. ಕನ್ನಡ 62, ಇಂಗ್ಲಿಷ್ 41, ಅರ್ಥಶಾಸ್ತ್ರ 38, ಅಕೌಂಟೆನ್ಸಿ 36, ಬಿಸಿನೆಸ್ ಸ್ಟಡೀಸ್ 40, ಸ್ಟ್ಯಾಟಿಸ್ಟಿಕ್ಸ್ 39. ಕೂಡಿ ನೋಡಿ, 256. ಪಾಸಾಗಿದ್ದಾಳೆ, ಆದರೆ 14 ಅಂಕ ಕಡಿಮೆ. ಮೊದಲಾಗಿದ್ದರೆ ಅವಳ ಮುಂದೆ ಇದ್ದ ದಾರಿಗಳು ಕಡಿಮೆ. ಈಗ ಹಾಗಿಲ್ಲ. 2024ರಿಂದ ನಮ್ಮ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಿದೆ. 2024ರಲ್ಲೂ 2025ರಲ್ಲೂ ಪರೀಕ್ಷೆ 1, 2, 3 ಎಂದು ಮೂರು ನಡೆದವು. ಫೇಲಾದವರು ಮಾತ್ರ ಅಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂತೋ ಅದು ಉಳಿಯುತ್ತದೆ. ಕಡಿಮೆ ಬಂದರೆ ಮೊದಲಿನದಕ್ಕೆ ಏನೂ ಆಗುವುದಿಲ್ಲ.

ಈ ಹುಡುಗಿ ಏನು ಮಾಡಬೇಕು? ಆರೂ ವಿಷಯ ಬರೆಯಬೇಕಾಗಿಲ್ಲ. ಅಕೌಂಟೆನ್ಸಿ ಮತ್ತು ಸ್ಟ್ಯಾಟಿಸ್ಟಿಕ್ಸ್ ಎರಡನ್ನೇ ಹಿಡಿದುಕೊಳ್ಳಲಿ. ಲೆಕ್ಕದ ವಿಷಯಗಳಲ್ಲಿ ಕಡಿಮೆ ಸಮಯದಲ್ಲಿ 10 ಅಂಕ ಏರಿಸುವುದು ಪ್ರಬಂಧ ಬರೆಯುವ ವಿಷಯಗಳಿಗಿಂತ ಸುಲಭ ಎಂಬುದು ನನ್ನ ಅಭಿಪ್ರಾಯ. ಉಪನ್ಯಾಸಕರು ಇಲ್ಲಿ ಇದ್ದರೆ ಒಪ್ಪದೇ ಇರಬಹುದು. 36 ಇದ್ದದ್ದು 46 ಆಯಿತು, 39 ಇದ್ದದ್ದು 45 ಆಯಿತು ಎಂದುಕೊಳ್ಳಿ. 16 ಅಂಕ ಏರಿತು. 272. ಬಾಗಿಲು ತೆರೆಯಿತು. ಇಷ್ಟಕ್ಕೆ ಒಂದು ವರ್ಷ ಮನೆಯಲ್ಲಿ ಕೂರಿಸುವುದು ಬೇಡ, ಸಿಕ್ಕಿದ ಕೋರ್ಸಿಗೆ ಅಳುತ್ತಾ ಸೇರಿಸುವುದೂ ಬೇಡ.

ದಿನಾಂಕದ ಮೇಲೆ ಮಾತ್ರ ಕಣ್ಣಿರಲಿ. 2025ರಲ್ಲಿ ಪರೀಕ್ಷೆ 1ರ ಫಲಿತಾಂಶ ಏಪ್ರಿಲ್ 8ಕ್ಕೆ ಬಂತು. ಅದೇ ತಿಂಗಳ ಕೊನೆಗೆ ಪರೀಕ್ಷೆ 2 ಶುರು. ನಡುವೆ ಸಿಗುವುದು ಎರಡು ವಾರ ಚಿಲ್ಲರೆ. ಅಳಲು ಎರಡು ದಿನ ಸಾಕು, ಮೂರನೇ ದಿನ ಶುಲ್ಕ ಕಟ್ಟಿಬಿಡಿ. ಲಾ ಕಾಲೇಜಿನವರು ಅಂಕಪಟ್ಟಿ ಕೊಡಲು ಯಾವ ದಿನಾಂಕದವರೆಗೆ ಅವಕಾಶ ಕೊಟ್ಟಿದ್ದಾರೆ ಎಂಬುದನ್ನೂ ಆವತ್ತೇ ಕೇಳಿ.

ಮರುಮೌಲ್ಯಮಾಪನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ಅದನ್ನು ಆ ವಿಷಯದ ಮೇಷ್ಟ್ರ ಜೊತೆ ಕೂತು ನೋಡಿ. ಅಂಕ ಬರಬೇಕಾದ ಉತ್ತರಕ್ಕೆ ಬಂದಿಲ್ಲ ಎಂದು ಅವರು ಹೇಳಿದರೆ ಮಾತ್ರ ಮುಂದಕ್ಕೆ ಹೋಗಿ. ಸುಮ್ನೆ ಆಸೆಗೆ ದುಡ್ಡು ಕಟ್ಟಬೇಡಿ. ಮರುಮೌಲ್ಯಮಾಪನಕ್ಕೆ ಹಾಕಿದ್ದೇವೆ ಎಂದು ಪರೀಕ್ಷೆ 2 ಬಿಡುವುದಂತೂ ಬೇಡವೇ ಬೇಡ. ಎರಡೂ ಒಟ್ಟಿಗೆ ನಡೆಯಲಿ.

269 ಬಂದವರು ಒಂದು ಪ್ರಶ್ನೆ ಕೇಳುತ್ತಾರೆ. "ಸರ್, 44.83 ಇದೆ, 45 ಅಂತ ಲೆಕ್ಕ ಹಾಕಲ್ವಾ?" ಆ ನಂಬಿಕೆಯ ಮೇಲೆ ಹೆಜ್ಜೆ ಇಡಬೇಡಿ. 270 ಅಂದರೆ 270. ಒಂದು ಅಂಕಕ್ಕೆ ಹೈಕೋರ್ಟಿಗೆ ಹೋಗುವ ಖರ್ಚಿನಲ್ಲಿ ಹತ್ತು ಸಲ ಪರೀಕ್ಷೆ ಬರೆಯಬಹುದು. ವಕೀಲನಾಗಿ ನಾನೇ ಇದನ್ನು ಹೇಳುತ್ತಿದ್ದೇನೆ, ನಂಬಿ.

ಹಿಂದುಳಿದ ವರ್ಗದ ಶೇ 42ರ ವಿನಾಯಿತಿ ನಮಗೆ ಬರುತ್ತದಾ ಎಂದು ಹಿಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಕೊಡವರು, ಗೌಡರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಎ ಗುಂಪಿನವರು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಗುವುದಿಲ್ಲ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ನೀವು ಸೇರುವ ಕಾಲೇಜು ಅದನ್ನು ಹೇಗೆ ಪರಿಗಣಿಸುತ್ತದೆ ಎಂದು ಬರಹದಲ್ಲಿ ಕೇಳಿಕೊಳ್ಳಿ. ಯರವ, ಜೇನು ಕುರುಬ ಸಮುದಾಯದ ಮಕ್ಕಳು ಪರಿಶಿಷ್ಟ ಪಂಗಡಕ್ಕೆ ಸೇರುತ್ತಾರೆ, ಅವರಿಗೆ 240 ಸಾಕು. ಹಾಡಿಗಳಿಂದ ಪಿಯುಸಿ ತನಕ ಬರುವ ಮಕ್ಕಳೇ ಕಡಿಮೆ. ಬಂದವರಿಗೆ ಈ ಸಂಖ್ಯೆ ಹೇಳುವವರು ಇನ್ನೂ ಕಡಿಮೆ. ನಿಮ್ಮ ಕ್ಲಾಸಿನಲ್ಲಿ ಅಂಥ ಗೆಳೆಯರಿದ್ದರೆ ಇವತ್ತೇ ಹೇಳಿ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಒಂದು ಮಾತು. ಕೊಡಗಿನವರಿಗೆ ಲಾ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನಮ್ಮ ಆರ್‌ಟಿಸಿ ತೆಗೆದು ನೋಡಿ. ಜಮ್ಮಾ ಬಾಣೆ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಹೊಂದಿಕೊಂಡ ಕಾಡು ಜಾಗ) ಎಂದು ಇರುತ್ತದೆ, ಪಟ್ಟೆದಾರರ ಹೆಸರು ಇರುತ್ತದೆ, ಒಕ್ಕದವರ, ಅಂದರೆ ಒಂದೇ ಮನೆತನದವರ ಹೆಸರು ಸಾಲು ಸಾಲಾಗಿ ಇರುತ್ತದೆ. ಅದರಲ್ಲಿ ಅರ್ಧ ಜನ ತೀರಿಹೋಗಿರುತ್ತಾರೆ. ಒಬ್ಬರು ಸಾಲ ತೆಗೆಯಲು ಹೋದರೆ ಬ್ಯಾಂಕಿನವರು ಎಲ್ಲರ ಸಹಿ ಕೇಳುತ್ತಾರೆ. ಈ ಭೂಮಿಯ ಕಥೆ 1899ರ ಕೂರ್ಗ್ ಲ್ಯಾಂಡ್ ಅಂಡ್ ರೆವೆನ್ಯೂ ರೆಗ್ಯುಲೇಷನ್ ತನಕ, ಅದಕ್ಕೂ ಹಿಂದಕ್ಕೆ ಹೋಗುತ್ತದೆ. 1956ರ ತನಕ ಕೊಡಗು ಬೇರೆಯೇ ರಾಜ್ಯ, ಕಾನೂನೂ ಬೇರೆ. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಜಮ್ಮಾ ಬಾಣೆಯ ಗೊಂದಲ ಬಿಡಿಸಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಬೆಂಗಳೂರಿನ ದೊಡ್ಡ ವಕೀಲರಿಗೆ ಬಾಣೆ ಅಂದರೆ ಏನು ಎಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕೋರ್ಟುಗಳಲ್ಲಿ ಈ ಊರಿನ ಭೂಮಿ ಗೊತ್ತಿರುವ ಮಕ್ಕಳಿಗೆ ಕೆಲಸ ಇದೆ. ದೊಡ್ಡ ಹೆಸರೂ ಬೇಕು ಅನ್ನುವವರಿಗೆ, ನಮ್ಮವರೇ ಆದ ಎ.ಎಸ್. ಬೋಪಣ್ಣ ಅವರು 2019ರಿಂದ 2024ರ ತನಕ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದರು.

ಸರಿ, ಅಂಕಕ್ಕೆ ವಾಪಸ್ ಬರೋಣ. ಎಲ್ಲ ಮಾಡಿಯೂ 270 ಆಗಲಿಲ್ಲ. ಆಗ? ಆಗ ನಾನು ಹೇಳುವುದು ಡಿಗ್ರಿ ಮಾಡಿ ಎಂದು. ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ. ಡಿಗ್ರಿ ಆದ ಮೇಲೆ 3 ವರ್ಷದ ಎಲ್‌ಎಲ್‌ಬಿ ಇದೆ. ಅದಕ್ಕೆ ಡಿಗ್ರಿಯಲ್ಲಿ ಶೇ 45 ನೋಡುತ್ತಾರೆ. ಪಿಯುಸಿಯ 256 ಅಲ್ಲಿ ನಿಮ್ಮನ್ನು ಅಡ್ಡ ಹಾಕುವುದಿಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ 3 ವರ್ಷಕ್ಕೆ ಬಂದಿದೆ. ಮೂರು ಮೂರು ಆರು. ಐದು ವರ್ಷದ ಕೋರ್ಸಿಗೆ ಹೋಲಿಸಿದರೆ ನಷ್ಟ ಒಂದೇ ವರ್ಷ.

ನನ್ನನ್ನು ಕೇಳಿದರೆ, ಎಷ್ಟೋ ಮಕ್ಕಳಿಗೆ ಇದು ಎರಡನೇ ದರ್ಜೆಯ ದಾರಿ ಅಲ್ಲ, ಒಳ್ಳೆಯ ದಾರಿಯೇ. 17 ವರ್ಷಕ್ಕೆ ಲಾ ಬೇಕೋ ಬೇಡವೋ ಎಂದು ಗಟ್ಟಿಯಾಗಿ ಹೇಳಬಲ್ಲವರು ಎಷ್ಟು ಜನ? ಐದು ವರ್ಷದ ಕೋರ್ಸಿನಲ್ಲಿ ಒಂದು ಕಟ್ಟುಪಾಡು ಇದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ನಡುವೆ ಸೇರುವ ಹಾಗಿಲ್ಲ, ನಡುವೆ ಇಳಿಯುವ ಹಾಗೂ ಇಲ್ಲ. ಮೂರು ವರ್ಷ ಓದಿ, ಸಾಕು, ಬಿಎ ಕೊಡಿ ಎಂದರೆ ಕೊಡುವುದಿಲ್ಲ. ಡಿಗ್ರಿ ಮಾಡಿದವರಿಗೆ ಆ ಇಕ್ಕಟ್ಟು ಇಲ್ಲ, ಕೈಯಲ್ಲಿ ಒಂದು ಪದವಿ ಇರುತ್ತದೆ. ಬೆಂಗಳೂರಿನ ಲಾ ಸ್ಕೂಲ್ ಕೂಡ 2022ರಲ್ಲಿ 3 ವರ್ಷದ ಎಲ್‌ಎಲ್‌ಬಿ ಶುರು ಮಾಡಿದೆ. ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಅವರದೇ ಪರೀಕ್ಷೆ ಇದೆ. 18ಕ್ಕೆ ಆಗದಿದ್ದದ್ದು 21ಕ್ಕೆ ಆಗಬಾರದು ಎಂದೇನೂ ಇಲ್ಲ.

ತೋಟ ನೋಡಿಕೊಳ್ಳಬೇಕು, ದಿನಾ ಕಾಲೇಜಿಗೆ ಹೋಗಲು ಆಗಲ್ಲ ಎನ್ನುವವರು ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಹತ್ತಿರವೇ ಇದೆ. ಬಾರ್ ಕೌನ್ಸಿಲ್ ಅದನ್ನು ಒಪ್ಪುತ್ತದೆ. ಆದರೆ ಪಿಯುಸಿಯೇ ಇಲ್ಲದೆ, ವಯಸ್ಸಿನ ಆಧಾರದ ಮೇಲೆ ನೇರವಾಗಿ ಓಪನ್ ಡಿಗ್ರಿ ಮಾಡಿದವರನ್ನು ಒಪ್ಪುವುದಿಲ್ಲ. ಲಾ ಮಾತ್ರ ದೂರಶಿಕ್ಷಣದಲ್ಲಿ ಆಗುವುದೇ ಇಲ್ಲ. ಕ್ಲಾಸಿಗೆ ಹೋಗಲೇಬೇಕು, ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಇರಲೇಬೇಕು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ರಿಸಲ್ಟ್ ಬಂದ ವಾರ ಫೋನ್‌ಗಳು ಶುರುವಾಗುತ್ತವೆ. "ಅಂಕ ಎಷ್ಟಾದರೂ ಇರಲಿ, ಬೇರೆ ರಾಜ್ಯದಲ್ಲಿ ಲಾ ಸೀಟು ಮಾಡಿಸಿಕೊಡುತ್ತೇವೆ, ಕ್ಲಾಸಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು." ಹೀಗೆ ದುಡ್ಡು ಕೊಟ್ಟು ಬಂದವರ ಕಡತ ನಾನು ನೋಡಿದ್ದೇನೆ. ಮ್ಯಾನೇಜ್‌ಮೆಂಟ್ ಸೀಟಿಗೂ 45 ಬೇಕು. ದುಡ್ಡು ಕೊಟ್ಟರೆ ಸೀಟು ಸಿಗಬಹುದು, ಅರ್ಹತೆ ಸಿಗುವುದಿಲ್ಲ. ವಿಶ್ವವಿದ್ಯಾಲಯ ದಾಖಲಾತಿ ಪರಿಶೀಲಿಸುವಾಗ ಸಿಕ್ಕಿಬೀಳಬಹುದು. ಅಲ್ಲಿ ತಪ್ಪಿಸಿಕೊಂಡರೂ ವಕೀಲರಾಗಿ ನೋಂದಾಯಿಸಲು ಬಾರ್ ಕೌನ್ಸಿಲಿಗೆ ಹೋದ ದಿನ ಎಲ್ಲ ಅಂಕಪಟ್ಟಿ ಮೇಜಿನ ಮೇಲೆ ಇಡಬೇಕು. ಐದು ವರ್ಷ ಓದಿದ ಮೇಲೆ ಅಲ್ಲಿ ಸಿಕ್ಕಿಕೊಂಡರೆ ಆ ಏಜೆಂಟ್ ಫೋನ್ ಎತ್ತುತ್ತಾನಾ? ಕಾಲೇಜಿಗೆ ಸೇರುವ ಮೊದಲು ಎರಡು ಕಾಗದ ಕೇಳಿ. ಬಾರ್ ಕೌನ್ಸಿಲ್ ಮಾನ್ಯತೆ, ವಿಶ್ವವಿದ್ಯಾಲಯದ ಸಂಯೋಜನೆ. ಎರಡೂ ಚಾಲ್ತಿಯಲ್ಲಿ ಇರಬೇಕು. ತೋರಿಸಲು ಹಿಂಜರಿದರೆ ಎದ್ದು ಬನ್ನಿ.

ಅಂದಹಾಗೆ, ನೋಂದಣಿಗೇ ಲಕ್ಷ ಬೇಕಂತೆ ಎಂದು ಹೆದರಿಸುವವರೂ ಇದ್ದಾರೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿ ಮೀರಿ ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಮುಂದಿನ ಸಾಲಿನ ಹುಡುಗ ಇಂಗ್ಲಿಷ್ ಬಗ್ಗೆ ಕೇಳಿದ. ಕನ್ನಡ ಮಾಧ್ಯಮದಲ್ಲಿ ಓದಿದ್ದಾನಂತೆ. ಕ್ಲ್ಯಾಟ್ ಇಂಗ್ಲಿಷಿನಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ದಿನಾ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದುವ ಅಭ್ಯಾಸ ಒಂದು ವರ್ಷ ಮುಂಚೆಯೇ ಶುರುವಾಗಬೇಕು. ಆದರೆ ನಮ್ಮ ತಾಲ್ಲೂಕು ಕೋರ್ಟಿಗೆ ಬಂದು ನೋಡು. ಸಾಕ್ಷಿ ಹೇಳುವುದು ಕನ್ನಡದಲ್ಲಿ, ಪಾಟೀಸವಾಲು ಕನ್ನಡದಲ್ಲಿ. ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾಗಿ ಇವತ್ತು ಚೆನ್ನಾಗಿ ವಕೀಲಿಕೆ ಮಾಡುತ್ತಿರುವವರು ನಮ್ಮ ನಡುವೆ ಇದ್ದಾರೆ. ಹೈಕೋರ್ಟಿಗೆ ಹೋಗಬೇಕಾದರೆ ಇಂಗ್ಲಿಷ್ ಬೇಕು, ಅದನ್ನು ಐದು ವರ್ಷದಲ್ಲಿ ಕಲಿಯಬಹುದು.

ಕೊನೆಗೆ ಮಳೆಗಾಲದ ವಿಷಯ. ಲಾ ಕಾಲೇಜುಗಳ ಅರ್ಜಿ, ದಾಖಲಾತಿ ಎಲ್ಲ ಬರುವುದು ಜೂನ್, ಜುಲೈ ಹೊತ್ತಿಗೆ. ನಮ್ಮಲ್ಲಿ ಆಗ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಕೆಲವು ಸಲ ರಸ್ತೆಯೂ ಇರಲ್ಲ. ಕೊನೆಯ ದಿನಾಂಕ ಎಂದರೆ ನಿಮಗೆ ಅದಕ್ಕಿಂತ ಒಂದು ವಾರ ಮೊದಲು ಎಂದು ತಿಳಿದುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಮೇ ತಿಂಗಳಲ್ಲೇ ನಾಡಕಚೇರಿಗೆ ಹೋಗಿ ಬನ್ನಿ. ಅಂಕಪಟ್ಟಿ, ಟಿಸಿ, ವ್ಯಾಸಂಗ ಪ್ರಮಾಣಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಫೋನಿನಲ್ಲೂ ಮೇಲ್‌ನಲ್ಲೂ ಇಟ್ಟುಕೊಳ್ಳಿ.

ಅಂಕಪಟ್ಟಿ ತಂದಿರುವವರು ಈ ಮೇಜಿನ ಹತ್ತಿರ ಬನ್ನಿ, ಒಬ್ಬೊಬ್ಬರದೂ ಕೂಡಿ ನೋಡೋಣ. 252ಕ್ಕೂ 270ಕ್ಕೂ ನಡುವೆ ಇರುವವರು ಮೊದಲು ಬನ್ನಿ, ಪರೀಕ್ಷೆ 2ರ ಶುಲ್ಕಕ್ಕೆ ನಿಮಗೇ ದಿನ ಕಡಿಮೆ ಇರುವುದು.